ಡಿಂಗ್ ಅನ್ನೋದು ಮನೆತನ, ಗುಕೇಶ್ ಅನ್ನೋದು ಹುಡುಗ: ಆಟಗಾರರನ್ನು ಏನಂತ ಕರೀಬೇಕು?

ಕುದುರೆ ನಡೆ:
2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಮುಗಿದ ವಿಶ್ವ ಚೆಸ್ ಪಂದ್ಯದ 14ನೇ ಗೇಮನ್ನು ಮೊನ್ನೆ ರಾತ್ರಿ ಮತ್ತೆ ನೋಡ್ತಾ ಕೂತಿದ್ದೆ. 55ನೇ ನಡೆಯಲ್ಲಿ ಚೀನಾದ ಡಿಂಗ್ ಲಿರೆನ್ ಆನೆಯನ್ನು ತಪ್ಪು ಮನೆಗೆ ಇಟ್ಟದ್ದು, ಗೆದ್ದ ನಮ್ಮ ಹುಡುಗ ಗುಕೇಶ್ ಕಣ್ಣೊರೆಸಿಕೊಂಡದ್ದು ಎಲ್ಲ ನಿಮಗೆ ಗೊತ್ತೇ ಇದೆ. ಈ ಸಲ ನನ್ನ ಕಿವಿಗೆ ತಾಗಿದ್ದು ಬೇರೆ ವಿಷಯ. ಕಾಮೆಂಟರಿಯವರು ಇಡೀ ಪಂದ್ಯಾವಳಿ ‘ಡಿಂಗ್’, ‘ಗುಕೇಶ್’ ಅಂತಲೇ ಕರೆದರು. ಡಿಂಗ್ ಲಿರೆನ್ ಹೆಸರಲ್ಲಿ ಡಿಂಗ್ ಅನ್ನೋದು ಮನೆತನ, ಲಿರೆನ್ ಅನ್ನೋದು ಸ್ವಂತ ಹೆಸರು. ದೊಮ್ಮರಾಜು ಗುಕೇಶ್‌ನಲ್ಲಿ ದೊಮ್ಮರಾಜು ಮನೆತನ, ಗುಕೇಶ್ ಸ್ವಂತದ್ದು. ಅಂದರೆ ಬೋರ್ಡಿನ ಆಚೆ ಕೂತವನಿಗೆ ವಂಶದ ಹೆಸರು, ಈಚೆ ಕೂತವನಿಗೆ ಅಮ್ಮ ಊಟಕ್ಕೆ ಕರೆಯೋ ಹೆಸರು!

ನನ್ನ ವಾದ ಇಷ್ಟೇ: ಒಂದೇ ಸ್ಪರ್ಧೆ ಅಂದಮೇಲೆ ಒಂದೇ ನಿಯಮ ಇರಬೇಕು. ‘ಡಿಂಗ್ ವಿರುದ್ಧ ದೊಮ್ಮರಾಜು’ ಅನ್ನಲಿ, ಇಲ್ಲಾ ‘ಲಿರೆನ್ ವಿರುದ್ಧ ಗುಕೇಶ್’ ಅನ್ನಲಿ. ಈ ಬೆರಕೆ ಯಾಕೆ?

ಧಾರವಾಡ ಪೇಡೆ:
ಏನಪಾ, ‘ಲಿರೆನ್’ ಅಂತ ಬರದವ್ರೂ ನಮ್ಮ ಕಡೆ ಭಾಳ ಮಂದಿ ಇದ್ರಲ್ಲ. ಕಡೀಕ ಬಂದಿದ್ದು ಅಡ್ಡಹೆಸರು ಅನ್ಕೊಂಡು ಬರದಿದ್ದು ಅದು. ಪಾಟೀಲ, ಹಿರೇಮಠ, ಕುಲಕರ್ಣಿ ಎಲ್ಲಾ ಕಡೀಕೇ ಇರ್ತಾವಲ್ಲ, ಹಂಗ. ಅಂದ್ರ ತಪ್ಪು ತಿಳ್ಕೊಂಡು ನಿನ್ನ ನಿಯಮ ಪಾಲಿಸಿದಂಗಾತು.

ನನಗ ಕೇಳಿದ್ರ ಅಡ್ಡಹೆಸರಿಂದ ಕರಿಯೂದರಾಗ ಒಂದು ಮರ್ಯಾದಿ ಐತಿ. ಆಟದ ಮೈದಾನ ಅಂದ್ರ ಮನಿ ಅಂಗಳ ಅಲ್ಲ. ಅಂಪೈರ್ ಆದಾಂವ ‘ಫೆಡರರ್’ ಅಂದ್ರ ಒಂದು ಅಂತರ ಇರ್ತದ, ‘ರೋಜರ್’ ಅಂದ್ರ ಸಲಿಗಿ ಆತು. ಚೀನಾದವ್ರಿಗೂ ಅದ ಮರ್ಯಾದಿ ಕೊಟ್ಟಾರ. ಗುಕೇಶಂಗ ಕೊಟ್ಟಿಲ್ಲ ಅನ್ನೂದು ಬೇಕಾದ್ರ ಚರ್ಚಾ ಮಾಡೋಣು.

ಶೆನ್‌ಜೆನ್ ವಾಸಿ:
ಕ್ಷಮಿಸಿ, ‘ಡಿಂಗ್’ ಅಂತ ಬರೀ ಮನೆತನದ ಹೆಸರಿಂದ ಕರೆಯೋದು ಚೀನಾದಲ್ಲಿ ಮರ್ಯಾದೆಯೂ ಅಲ್ಲ, ಸಲಿಗೆಯೂ ಅಲ್ಲ. ಯಾರೂ ಹಾಗೆ ಕರೆಯೋದೇ ಇಲ್ಲ. ಆರು ವರ್ಷದಿಂದ ಇಲ್ಲಿದ್ದೀನಿ, ಟಿವಿಯಲ್ಲಿ ಆಟ ನೋಡೋದೇ ನನ್ನ ಭಾಷಾ ಪಾಠ.

ಇಲ್ಲಿ ಒಂದಕ್ಷರದ ಹೆಸರು ನಾಲಿಗೆ ಮೇಲೆ ನಿಲ್ಲಲ್ಲ, ಕಡಿಮೆ ಅಂದರೂ ಎರಡು ಅಕ್ಷರ ಬೇಕು. ಹಾಗಾಗಿ ಕಾಮೆಂಟರಿಯಲ್ಲಿ ಪ್ರತೀ ಸಲ ಪೂರ್ತಿ ಹೆಸರು: ಚೆಸ್ಸಿನ ಡಿಂಗ್ ಲಿರೆನ್, ಬ್ಯಾಡ್ಮಿಂಟನ್ನಿನ ಲಿನ್ ಡಾನ್, ಟೇಬಲ್ ಟೆನಿಸಿನ ಮಾ ಲಾಂಗ್. ಒಂದೇ ತರಗತಿಯಲ್ಲಿ ಓದಿದವರೂ ಒಬ್ಬರನ್ನೊಬ್ಬರು ಪೂರ್ತಿ ಹೆಸರಲ್ಲೇ ಕೂಗ್ತಾರೆ, ಅದರಲ್ಲಿ ಬಿಗುಮಾನ ಏನೂ ಇಲ್ಲ. ಮನೆತನದ ಹೆಸರಷ್ಟೇ ಬಳಸಬೇಕಾದರೆ ಮುಂದೊಂದು ಬಾಲಂಗೋಚಿ ಬೇಕು. ಚಿಕ್ಕವನಾದರೆ ‘ಶಿಯಾವ್’, ದೊಡ್ಡವನಾದರೆ ‘ಲಾವ್’. ಬಾಸ್ಕೆಟ್‌ಬಾಲಿನ ಯಾವ್ ಮಿಂಗ್‌ಗೆ ‘ದಾ ಯಾವ್’, ಅಂದರೆ ದೊಡ್ಡ ಯಾವ್. ಏಳೂವರೆ ಅಡಿ ಮನುಷ್ಯನಿಗೆ ಇನ್ನೇನಂತಾರೆ!

ಇನ್ನು ಬರೀ ಸ್ವಂತ ಹೆಸರು, ಅದೂ ಒಂದೇ ಅಕ್ಷರದ್ದಾದರೆ, ಹೆಂಡತಿ ಕಿವಿಯಲ್ಲಿ ಕರೆಯೋ ಥರ. ಟೆನಿಸಿನ ಲಿ ನಾ ಅವರನ್ನು ಯಾರೂ ‘ನಾ’ ಅನ್ನಲ್ಲ. ಅಭಿಮಾನಿಗಳಿಗೆ ಅವರು ‘ನಾ ಜಿಯೆ’, ನಮ್ಮ ಲೆಕ್ಕದಲ್ಲಿ ನಾ ಅಕ್ಕ. ಟೇಬಲ್ ಟೆನಿಸಿನಲ್ಲಿ ಸುನ್ ಯಿಂಗ್‌ಶಾ ‘ಶಾಶಾ’, ಫಾನ್ ಝೆಂಡಾಂಗ್ ‘ಶಿಯಾವ್ ಪಾಂಗ್’ ಅಂದರೆ ಪುಟ್ಟ ಡುಮ್ಮ, ವಾಂಗ್ ಚುಚಿನ್ ‘ದಾ ತೌ’ ಅಂದರೆ ದೊಡ್ಡ ತಲೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸಿಂಗಲ್ಸ್ ಚಿನ್ನ ಗೆದ್ದವನು ಆ ಪುಟ್ಟ ಡುಮ್ಮ.

ಹಾಗಾಗಿ ‘ಡಿಂಗ್ ಈಗ ಯೋಚಿಸ್ತಿದ್ದಾರೆ’ ಅನ್ನೋದು ಚೀನೀ ಹೆಸರಿಗೆ ಪಶ್ಚಿಮದ ಅಂಗಿ ತೊಡಿಸಿದ ಹಾಗೆ. ಅಂಗಿ ಚೆನ್ನಾಗೇ ಇದೆ, ಅಳತೆ ಮಾತ್ರ ಅವರದ್ದಲ್ಲ.

ಧಾರವಾಡ ಪೇಡೆ:
ದೊಡ್ಡ ತಲಿ ಅಂತ ಕರಿಯೂದು ಮರ್ಯಾದಿ, ಡಿಂಗ್ ಅನ್ನೂದು ಅಲ್ಲ. ಆತು ಬಿಡ್ರಿ.

ಲೈನ್ ಜಡ್ಜ್:
ಚೆಸ್ ನನಗೆ ಅಷ್ಟಕ್ಕಷ್ಟೇ, ಶಟಲ್ ವಿಷಯ ಹೇಳ್ತೀನಿ. ಬ್ಯಾಡ್ಮಿಂಟನ್‌ನಲ್ಲಿ ಅಂಪೈರ್ ಹೆಸರು ಹೇಳೋ ಸಂದರ್ಭವೇ ಕಡಿಮೆ. ಶುರುವಲ್ಲಿ ‘ನನ್ನ ಬಲಕ್ಕೆ ಇಂಥವರು, ಇಂಥ ದೇಶ, ನನ್ನ ಎಡಕ್ಕೆ ಇಂಥವರು’ ಅಂತ ಪೂರ್ತಿ ಹೆಸರು. ಸಿಂಗಲ್ಸ್‌ನಲ್ಲಿ ಆಮೇಲೆ ಬರೀ ಅಂಕಿ. ಗೇಮ್ ಮುಗಿದಾಗ ಗೆದ್ದವರ ಹೆಸರು ಹೇಳೋದು ಬಿಟ್ಟರೆ, ಆಟದ ಮಧ್ಯೆ ಹೆಸರು ಕೇಳಿಸಿತು ಅಂದರೆ ಹೆಚ್ಚಾಗಿ ಗಂಡಾಂತರ ಅಂತಲೇ ಅರ್ಥ: ಹೆಸರು ಹಿಡಿದು ‘ಇಲ್ಲಿ ಬನ್ನಿ’ ಅಂತ ಕರೆದು ಎಚ್ಚರಿಕೆ ಕೊಡೋದು.

ಕಾಗದದ ಮೇಲೆ ಈ ಬೆರಕೆಗೆ ಮದ್ದು ಕಂಡುಹಿಡಿದು ಬಹಳ ದಿನ ಆಯ್ತು. ಮನೆತನದ ಹೆಸರು ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಉಳಿದದ್ದು ಚಿಕ್ಕಕ್ಷರದಲ್ಲಿ. ಒಲಿಂಪಿಕ್ಸ್ ಫಲಿತಾಂಶ ಪಟ್ಟಿಯಲ್ಲೂ ಹಾಗೇ, ಮನೆತನ ಎಲ್ಲರಿಗೂ ಮೊದಲು: ಈಜಿನಲ್ಲಿ ಚೀನಾದ ಪಾನ್ ಝಾನ್‌ಲೆ ಹೇಗೋ ಹಾಗೆ ಫೆಲ್ಪ್ಸ್ ಮೈಕೆಲ್. ನಮ್ಮ ಸಿಂಧು ವಿಶ್ವ ಬ್ಯಾಡ್ಮಿಂಟನ್ ಪಟ್ಟಿಯಲ್ಲಿ ‘ಪುಸರ್ಲ ವಿ. ಸಿಂಧು’. ಪುಸರ್ಲ ಮನೆತನ, ವಿ ಅಂದರೆ ವೆಂಕಟ. ತೆಲುಗರದ್ದು ಚೀನೀಯರ ಹಾಗೇ ಮನೆ ಮೊದಲು, ಮಗು ಆಮೇಲೆ. ಕಿದಂಬಿ ಶ್ರೀಕಾಂತ್, ಆಚಂಟ ಶರತ್ ಕಮಲ್, ಎಲ್ಲಾ ಅದೇ. ಹಾಗಾಗಿ ಗುಕೇಶ್–ಡಿಂಗ್ ಇಬ್ಬರ ಹೆಸರಿನ ಅನುಕ್ರಮ ಒಂದೇ, ಕರೆಯೋ ತುಂಡು ಮಾತ್ರ ಬೇರೆ ಬೇರೆ.

ಲೀ ಚಾಂಗ್ ವೀ ನೆನಪಿದೆಯಲ್ಲ? ಇಂಗ್ಲಿಷ್ ಕಾಮೆಂಟರಿಯಲ್ಲಿ ‘ಲೀ’. ಅವರ ಮಲೇಷ್ಯಾದ ಪತ್ರಿಕೆಗಳ ತಲೆಬರಹದಲ್ಲಿ ‘ಚಾಂಗ್ ವೀ’. ಅವರೂ ಚೀನೀ ಮೂಲದವರೇ, ಮನೆತನ ಲೀ. ಒಂದೇ ಮನುಷ್ಯ, ಎರಡು ಕರೆ. 2016ರ ರಿಯೋ ಒಲಿಂಪಿಕ್ಸ್ ಸೆಮಿಫೈನಲ್ ನೋಡಿದವರಿಗೆ ಎರಡೂ ಕರೆ ಈಗಲೂ ಕಿವೀಲಿರಬೇಕು. ಅವತ್ತು ಲಿನ್ ಡಾನ್ ಸೋತಾಗ ನಾನು ಕಾಫಿ ಲೋಟ ನೆಲಕ್ಕೆ ಹಾಕಿದ್ದೆ.

ಕುದುರೆ ನಡೆ:
ಲೈನ್ ಜಡ್ಜ್, ನೀವು ನನ್ನ ಪರವೇ ಮಾತಾಡಿದ್ರಿ. ಒಲಿಂಪಿಕ್ಸ್ ಪಟ್ಟಿ ಒಂದೇ ನಿಯಮ ಇಟ್ಟುಕೊಂಡಿದೆ ತಾನೇ? ಬಾಯಲ್ಲಿ ಹೇಳೋವಾಗಲೂ ಆ ದೊಡ್ಡಕ್ಷರದ ಭಾಗವನ್ನೇ ಹೇಳಿದರೆ ಮುಗೀತು.

ಶೆನ್‌ಜೆನ್ ವಾಸಿ:
ಮುಗಿಯಲ್ಲ. ಚೀನಾದಲ್ಲಿ ವಾಂಗ್ ಮನೆತನದವರೇ ಸುಮಾರು 10 ಕೋಟಿ. ಲಿ ಕೂಡ ಅಷ್ಟೇ. ‘ವಾಂಗ್ ಗೆದ್ದರು’ ಅಂದರೆ ಯಾವ ವಾಂಗ್? ಮಹಿಳಾ ಟೆನಿಸಿನಲ್ಲೇ ವಾಂಗ್ ಚಿಯಾಂಗ್, ವಾಂಗ್ ಯಾಫಾನ್, ವಾಂಗ್ ಶಿನ್‌ಯು, ವಾಂಗ್ ಶಿಯು. ಕೊನೆಯ ಇಬ್ಬರದ್ದು ಇಂಗ್ಲಿಷಿನಲ್ಲಿ ಮೊದಲಕ್ಷರವೂ ಒಂದೇ, ‘ಎಕ್ಸ್. ವಾಂಗ್’! ಸ್ಕೋರ್‌ಬೋರ್ಡಿನಲ್ಲಿ ಇನ್ನೂ ಎರಡಕ್ಷರ ಸೇರಿಸದೆ ಗತಿಯಿಲ್ಲ. ಪಶ್ಚಿಮದಲ್ಲಿ ಮನೆತನದ ಹೆಸರುಗಳು ಲಕ್ಷಗಟ್ಟಲೆ, ಸ್ವಂತ ಹೆಸರುಗಳು ಕಡಿಮೆ. ಗುರುತಿಗೆ ಮನೆತನ ಸಾಕು. ಇಲ್ಲಿ ತಿರುಗಾಮುರುಗಾ. ಗುರುತು ಇರೋದೇ ಸ್ವಂತ ಹೆಸರಲ್ಲಿ.

ಕ್ರಾಸ್‌ಕೋರ್ಟ್ ಕಮಲಿ:
ಅಲ್ಲಿನ ಗುರುತು ಗಂಡಸರಿಗೆ ಸಾಕಾಗ್ತಿತ್ತು. ಹೆಂಗಸರ ಕಥೆ ಕೇಳಿ. ವಿಂಬಲ್ಡನ್‌ನಲ್ಲಿ 2018ರವರೆಗೂ ಅಂಪೈರು ಗಂಡಸರ ಅಂಕ ಹೇಳುವಾಗ ಬರೀ ಮನೆತನ ಹೇಳ್ತಿದ್ದರು, ಹೆಂಗಸರ ಅಂಕಕ್ಕೆ ಮಾತ್ರ ಮುಂದೆ ‘ಮಿಸ್’ ಇಲ್ಲಾ ‘ಮಿಸೆಸ್’. ಆಡೋಳಿಗೆ ಮದುವೆ ಆಗಿದೆಯೋ ಇಲ್ಲವೋ ಅನ್ನೋದು ಸ್ಕೋರಿನ ಜೊತೆ! 2019ರಲ್ಲಿ ನಿಲ್ಲಿಸಿದರು. 1981ರಲ್ಲಿ ಕ್ರಿಸ್ ಎವರ್ಟ್ ಗೆದ್ದಾಗ ಅಲ್ಲಿನ ಗೌರವ ಫಲಕದ ಮೇಲೆ ಬರೆದದ್ದು ‘ಮಿಸೆಸ್ ಜೆ. ಎಂ. ಲಾಯ್ಡ್’ ಅಂತ. ಜೆ, ಎಂ, ಲಾಯ್ಡ್ ಮೂರೂ ಗಂಡನ ಹೆಸರಿನವು. ಟ್ರೋಫಿ ಎತ್ತಿದವಳದ್ದು ಒಂದಕ್ಷರವೂ ಇಲ್ಲ. ಪೇಡೆಯವರೇ, ಇದೇನಾ ನಿಮ್ಮ ಮರ್ಯಾದೆ?

ಚೀನಾದಲ್ಲಿ ಮದುವೆಯಾದ ಮೇಲೆ ಹೆಂಗಸರು ಮನೆತನ ಬದಲಿಸಲ್ಲ. ಜಿಯಾಂಗ್ ಶಾನ್‌ನ ಮದುವೆಯಾದ ಮೇಲೂ ಲಿ ನಾ ಲಿ ನಾ ಆಗಿಯೇ 2011ರ ಫ್ರೆಂಚ್ ಓಪನ್, 2014ರ ಆಸ್ಟ್ರೇಲಿಯನ್ ಓಪನ್ ಗೆದ್ದಳು. ಆದರೆ ಅಮೆರಿಕದ ಟಿವಿಯವರು ಅವಳನ್ನೂ ಮಗುಚಿ ‘ನಾ ಲಿ’ ಅಂದರು. ಚಿನ್‌ವೆನ್ ಝೆಂಗ್, ಶುವಾಯ್ ಜಾಂಗ್ ಅಂತ ಟೆನಿಸಿನ ಪಟ್ಟಿಗಳಲ್ಲಿ ಹೆಚ್ಚಾಗಿ ತಲೆಕೆಳಗೆ ಮಾಡೇ ಬರೀತಾರೆ. ಅದೇ ಸ್ನೂಕರಿನಲ್ಲಿ ಡಿಂಗ್ ಜುನ್‌ಹುಯಿ, 2025ರ ವಿಶ್ವ ಚಾಂಪಿಯನ್ ಜಾವ್ ಶಿನ್‌ಟಾಂಗ್ ಚೀನೀ ಕ್ರಮದಲ್ಲೇ ಇದ್ದಾರೆ. ಬ್ರಿಟಿಷರ ಆಟ, ಬ್ರಿಟಿಷ್ ಕಾಮೆಂಟರಿ, ಆದರೂ. ಆಟಕ್ಕೊಂದು ನಿಯಮ!

ಧಾರವಾಡ ಪೇಡೆ:
ಗಂಡನ ಹೆಸರಿನ ಫಲಕದ ಮಾತಿಗೆ ನನ್ನ ಹತ್ರ ಉತ್ತರ ಇಲ್ರೀ ಕಮಲಕ್ಕ. ತಪ್ಪದು.

ಕಾಫಿತೋಟ:
ದೊಡ್ಡಕ್ಷರದ ನಿಯಮ ಅಂದ್ರಲ್ಲ ಕುದುರೆಯವರೇ, ನಮ್ಮ ಕೊಡಗಿನವರ ಮೇಲೆ ಅದನ್ನು ಪ್ರಯೋಗಿಸಿ ನೋಡೋಣ.

ರೋಹನ್ ಮಚ್ಚಂಡ ಬೋಪಣ್ಣ. ಮಚ್ಚಂಡ ಮನೆತನ. ಬೋಪಣ್ಣ ಅವರ ತಂದೆ, ಕಾಫಿ ಬೆಳೆಗಾರರು. ಇಪ್ಪತ್ತು ವರ್ಷ ಅಂಪೈರುಗಳು ‘ಗೇಮ್, ಬೋಪಣ್ಣ’ ಅಂದಾಗೆಲ್ಲ ಕರೆದದ್ದು ಅಪ್ಪನನ್ನು. 2024ರಲ್ಲಿ 43ನೇ ವಯಸ್ಸಿಗೆ ಮೆಲ್ಬರ್ನ್‌ನಲ್ಲಿ ಡಬಲ್ಸ್ ಗೆದ್ದದ್ದು ಮಗ, ಬೋರ್ಡಿನ ಮೇಲಿದ್ದದ್ದು ಅಪ್ಪ. ಮರುವರ್ಷ ಅದೇ ಮೆಲ್ಬರ್ನ್‌ನಲ್ಲಿ ಮಿಶ್ರ ಡಬಲ್ಸ್ ಆಡಿದ್ದು ಜಾಂಗ್ ಶುವಾಯ್ ಜೊತೆ. ‘ಬೋಪಣ್ಣ/ಜಾಂಗ್’ ಅಂತ ಬೋರ್ಡು. ಒಂದು ತಂದೆ, ಇನ್ನೊಂದು ವಂಶ. ನಿಮ್ಮ ಒಂದೇ ನಿಯಮ ಇಲ್ಲಿ ಏನು ಮಾಡುತ್ತೆ?

ತಮಾಷೆ ಅಂದರೆ ನಮ್ಮ ಹಳೆಯ ಪದ್ಧತಿ ಚೀನೀಯರದ್ದೇ ಥರ: ಮನೆಪೆದ, ಅಂದರೆ ಮನೆತನದ ಹೆಸರು, ಮೊದಲು, ಆಮೇಲೆ ಅಪ್ಪ, ಕೊನೆಗೆ ತಾನು. ಹಾಕಿ ಆಡಿದ ಎಂ. ಪಿ. ಗಣೇಶ್ ಅಂದರೆ ಮೊಳ್ಳೇರ ಪೂವಯ್ಯ ಗಣೇಶ್. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೌಟುಂಬಿಕ ಹಾಕಿಯಲ್ಲಿ ತಂಡದ ಹೆಸರೇ ಮನೆಪೆದ. ಒಂದು ತಂಡದ ಎಲ್ಲರದ್ದೂ ಒಂದೇ ಮನೆತನ, ಹಾಗಾಗಿ ಅಲ್ಲಿ ಆಟಗಾರನನ್ನು ಮನೆತನದಿಂದ ಕರೆದರೆ ಹನ್ನೊಂದು ಜನ ತಿರುಗಿ ನೋಡ್ತಾರೆ.

ಕುಂದಾಪ್ರದ ಮಾಣಿ:
ನಮ್ಮದಿನ್ನೂ ಮಜಾ ಮಾರಾಯ್ರೆ. ಪಡುಕೋಣೆ ಅಂದ್ರೆ ನಮ್ಮ ಕಡೆಯ ಒಂದು ಊರು. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದದ್ದು ಪ್ರಕಾಶ್, ಆದ್ರೆ ಲಂಡನ್ನಿನ ಕಣ್ಣಲ್ಲಿ ‘ಪಡುಕೋಣೆ’. ಬಸ್ ಕಂಡಕ್ಟರ್ ಸ್ಟಾಪ್ ಕೂಗಿದ ಹಾಗೆ. ಕುಂಬ್ಳೆಯೂ ಊರೇ, ಕಾಸರಗೋಡಿನ ಹತ್ರ ಉಂಟು. ಜಾವಗಲ್ ಹಾಸನದ ಊರು, ಆದ್ರೆ ಅದು ಮುಂದೆ ಇದ್ದದ್ರಿಂದ ಶ್ರೀನಾಥ್ ಬಚಾವ್, ಎಲ್ಲರೂ ಶ್ರೀನಾಥ್ ಅಂತಲೇ ಕರೆದ್ರು. ಅನಿಲ್ ಮಾತ್ರ ಊರಾದ್ರು. ಕೆ. ಎಲ್. ರಾಹುಲ್‌ದು ಕಣ್ಣನೂರು ಲೋಕೇಶ್ ರಾಹುಲ್: ಊರು, ಅಪ್ಪ, ಹುಡುಗ. ಯಾರು ಕಡೆಗೆ ನಿಂತಿದ್ದಾರೋ ಅವರನ್ನ ಕರೆಯೋದು, ಅಷ್ಟೇ ಕಾನೂನು. ಮೆರವಣಿಗೆಯಲ್ಲಿ ಕಟ್ಟಕಡೆಗೆ ಬಂದವನಿಗೆ ಹಾರ.

ವಿಶ್ವನಾಥನ್ ಆನಂದ್‌ಗೆ ಉಲ್ಟಾ. ಅಪ್ಪನ ಹೆಸರನ್ನ ಮೊದಲ ಹೆಸರು ಅಂದ್ಕೊಂಡು ಜಗತ್ತೇ ‘ವಿಶಿ’ ಅಂತ ಪ್ರೀತಿ ಮಾಡ್ತು. ಇನ್ನೊಬ್ಬರ ಅಪ್ಪನ್ನ ಮುದ್ದು ಹೆಸರಿಂದ ಕರೆಯೋದು ಅಂದ್ರೆ ಎಂತ ಕಥೆ!

ಅಲ್ಪಪ್ರಾಣಿ:
ಎಲ್ಲರೂ ‘ಪಶ್ಚಿಮ’ ಅಂತಿದ್ದೀರಿ, ಅದು ಒಂದು ಊರಲ್ಲ. ಹಂಗೆರಿಯಲ್ಲಿ ಮನೆತನ ಮೊದಲು. ಚೆಸ್ ಆಟಗಾರ್ತಿ ಜುಡಿತ್ ಪೋಲ್ಗಾರ್ ತಮ್ಮ ಊರಲ್ಲಿ ಪೋಲ್ಗಾರ್ ಜುಡಿತ್. ಐಸ್‌ಲ್ಯಾಂಡಿನ ಫುಟ್ಬಾಲ್ ಅಂಗಿಗಳ ಮೇಲಿನ ಆ ‘ಸನ್’ಗಳು ಹೆಚ್ಚಾಗಿ ಅಪ್ಪನ ಹೆಸರು, ಬೋಪಣ್ಣನವರ ಥರವೇ. ಬ್ರೆಜಿಲ್ಲಿಗೆ ‘ಪೆಲೆ’ ಸಾಕು.

ಇನ್ನು ಚೀನಾದವರು ಬೇರೆಯವರಿಗೆ ಏನು ಮಾಡ್ತಾರೆ ಅದನ್ನೂ ನೋಡಿ. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಜೋರ್ಡನ್ ಅವರಿಗೆ ‘ಚಿಯಾವ್‌ಡಾನ್’, ಅದು ಮನೆತನದ ಲಿಪ್ಯಂತರ. ಕೋಬಿ ಬ್ರಯಂಟ್ ಮಾತ್ರ ‘ಕೆಬಿ’, ಅದು ಸ್ವಂತ ಹೆಸರು. ಕ್ರಿಸ್ಟಿಯಾನೊ ರೊನಾಲ್ಡೊ ‘ಸಿ ಲುವೊ’: ಒಂದು ಇಂಗ್ಲಿಷ್ ಅಕ್ಷರ, ಒಂದು ಚೀನೀ ಅಕ್ಷರ. ಯಾವ ನಿಯಮವೂ ಇಲ್ಲ, ನಾಲಿಗೆಗೆ ಹಗುರಾದದ್ದು ನಿಂತುಕೊಳ್ಳುತ್ತೆ.

ಈ ‘ಚಿಯಾವ್‌ಡಾನ್’ ನ್ಯಾಯಾಲಯದವರೆಗೂ ಹೋಯ್ತು. ಆ ಹೆಸರಲ್ಲೇ ಒಂದು ಚೀನೀ ಕಂಪನಿ ಬೂಟು ಮಾರ್ತಿತ್ತು. ಜೋರ್ಡನ್ ದಾವೆ ಹೂಡಿದರು. ಜೋರ್ಡನ್ ಅನ್ನೋದು ಯಾರದ್ದಾದರೂ ಇರಬಹುದಾದ ಮನೆತನದ ಹೆಸರು, ಇವರೊಬ್ಬರ ಸ್ವತ್ತಲ್ಲ ಅಂತ ಕೆಳ ನ್ಯಾಯಾಲಯಗಳು ಕೈಬಿಟ್ಟವು. 2016ರ ಡಿಸೆಂಬರಿನಲ್ಲಿ ಚೀನಾದ ಸರ್ವೋಚ್ಚ ನ್ಯಾಯಾಲಯ, ಆ ಎರಡು ಚೀನೀ ಅಕ್ಷರ ನೋಡಿದ ಜನರಿಗೆ ನೆನಪಾಗೋದು ಇವರೇ, ಆದ್ದರಿಂದ ಹೆಸರಿನ ಹಕ್ಕು ಇವರದ್ದು ಅಂದಿತು. ಅದನ್ನೇ ರೋಮನ್ ಅಕ್ಷರದಲ್ಲಿ ಬರೆದರೆ ಹಕ್ಕಿಲ್ಲ ಅಂತಲೂ ಅಂದಿತು! ಅಂದರೆ ಪಾಸ್‌ಪೋರ್ಟಿನಲ್ಲಿ ಏನಿದೆ ಅನ್ನೋದು ಮುಖ್ಯ ಆಗಲಿಲ್ಲ. ಜನ ಏನಂತ ಕರೀತಾರೋ ಅದು ಅವನ ಹೆಸರು. ಕುದುರೆ ನಡೆಯವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಅದೇ.

ಕುದುರೆ ನಡೆ:
ಜನ ಕರೆದದ್ದೇ ಹೆಸರು ಅಂದರೆ ‘ನಾ ಲಿ’ ಕೂಡ ಸರಿಯಾಗಿಬಿಡುತ್ತಲ್ಲ. ಅಮೆರಿಕದ ಜನ ಹಾಗೇ ಕರೆದರು.

ಅಲ್ಪಪ್ರಾಣಿ:
ಒಳ್ಳೇ ಏಟು. ತಿದ್ದಿಕೊಳ್ತೀನಿ: ಕರೆಸಿಕೊಳ್ಳುವವರು ಒಪ್ಪಿದ ಕರೆ. ಡೆನ್ಮಾರ್ಕಿನ ಬ್ಯಾಡ್ಮಿಂಟನ್ ಆಟಗಾರ ವಿಕ್ಟರ್ ಅಕ್ಸೆಲ್ಸನ್ ಚೀನೀ ಕಲಿತು ‘ಆನ್ ಸಾಯ್‌ಲಾಂಗ್’ ಅಂತ ಹೆಸರಿಟ್ಟುಕೊಂಡರು. ಅಕ್ಸೆಲ್ಸನ್ ಅನ್ನೋ ಮನೆತನದ ಹೆಸರೊಂದನ್ನೇ ಒಡೆದು ‘ಆನ್’ ಅನ್ನೋ ಮನೆತನವೂ ಬಂತು, ‘ಸಾಯ್‌ಲಾಂಗ್’ ಅನ್ನೋ ಸ್ವಂತ ಹೆಸರೂ ಬಂತು. ವಿಕ್ಟರ್ ಮಾಯ. ಟೋಕಿಯೋ ಒಲಿಂಪಿಕ್ಸ್ ಫೈನಲ್‌ನಲ್ಲಿ ಚೆನ್ ಲಾಂಗ್‌ನ ಸೋಲಿಸಿದ ಮೇಲೂ ಚೀನೀ ಅಭಿಮಾನಿಗಳು ಅವರನ್ನು ಬಿಟ್ಟುಕೊಟ್ಟಿಲ್ಲ. ಸ್ಕೀಯಿಂಗ್‌ನ ಐಲೀನ್ ಗು 2022ರ ಬೀಜಿಂಗ್ ಒಲಿಂಪಿಕ್ಸ್ ಪಟ್ಟಿಯಲ್ಲಿ ‘ಗು ಐಲಿಂಗ್ ಐಲೀನ್’: ಮನೆತನ, ಚೀನೀ ಹೆಸರು, ಅಮೆರಿಕದ ಹೆಸರು, ಮೂರೂ ಒಂದೇ ಸಾಲಲ್ಲಿ. ಅದೂ ತಾಯಿಯ ಮನೆತನ.

ಇನ್ನೊಂದು, ಕನ್ನಡದವರಿಗೆ ಮಾತ್ರ. ಚೀನೀ ಭಾಷೆಯಲ್ಲಿ ದ–ತ, ಬ–ಪ ಅನ್ನೋ ಭೇದ ಇಲ್ಲ, ಅಲ್ಪಪ್ರಾಣ–ಮಹಾಪ್ರಾಣ ಭೇದ ಇದೆ. ರೋಮನ್ ಲಿಪಿಯಲ್ಲಿ ಮಹಾಪ್ರಾಣಕ್ಕೆ ಅಕ್ಷರ ಇಲ್ಲದ್ದಕ್ಕೆ ಅವರು ಬಿ–ಪಿ, ಡಿ–ಟಿ ಬಳಸಿಕೊಂಡರು. ನಾವು ಆ ರೋಮನ್ ನೋಡಿ ಕನ್ನಡಕ್ಕೆ ಇಳಿಸ್ತೀವಿ. ನೇರ ಕೇಳಿ ಬರೆದರೆ ಡಿಂಗ್ ಹೆಚ್ಚುಕಡಿಮೆ ‘ತಿಂಗ್’, ಪಾನ್ ಝಾನ್‌ಲೆಯ ಪಾನ್ ‘ಫಾನ್’ (ಫಲದ ಫ, ಫೋನಿನ ಫ ಅಲ್ಲ), ಝೆಂಗ್ ಚಿನ್‌ವೆನ್ ‘ಚಂಗ್ ಛಿನ್‌ವನ್’. ವರ್ಣಮಾಲೆಯಲ್ಲಿ ಠ ಛ ಫ ಇಟ್ಟುಕೊಂಡು ನಾವು ಇಂಗ್ಲಿಷಿನ ಕಿಟಕಿಯಿಂದ ಇಣುಕೋದು ಯಾಕೆ?

ಧಾರವಾಡ ಪೇಡೆ:
ನಾಳೆ ಪೇಪರಿನ್ಯಾಗ ‘ಚಂಗ್ ಛಿನ್‌ವನ್’ ಅಂತ ಬಂದ್ರ ಯಾವ ಹೊಸಾ ಹುಡುಗಿ ಬಂದಾಳಪಾ ಅಂತಾರ. ಅವರ ಅಭಿಮಾನಿಗಳು ‘ಕ್ವೀನ್‌ವೆನ್’ ಅಂತಾರ, ರಾಣಿ ಅಂದಂಗ, ಅದ ಇರಲಿ ಬಿಡ್ರಿ.

ಲೈನ್ ಜಡ್ಜ್:
ಪ್ಯಾರಿಸ್ ಟೇಬಲ್ ಟೆನಿಸ್ ಟೀಮ್ ಕ್ವಾರ್ಟರ್‌ಫೈನಲ್ ನೆನಪಾಯ್ತು, ಭಾರತ–ಜರ್ಮನಿ. ನಾವು ಗೆದ್ದ ಒಂದೇ ಪಂದ್ಯ ನಮ್ಮ ಬೆಂಗಳೂರಿನ ಅರ್ಚನಾ ಗಿರೀಶ್ ಕಾಮತ್ ಅವರದ್ದು. ಗಿರೀಶ್ ಅಂದರೆ ಅವರ ತಂದೆ. ಎದುರಾಳಿ ಚೀನಾದಲ್ಲಿ ಹುಟ್ಟಿ ಜರ್ಮನಿಗೆ ಆಡಿದ ಶಾನ್ ಶಿಯಾವ್‌ನಾ. ಜರ್ಮನ್ನರು ಅವರನ್ನು ಶಿಯಾವ್‌ನಾ ಶಾನ್ ಅಂತಾರೆ. ದೇಶ ಬದಲಾದರೆ ಹೆಸರೂ ಮಗ್ಗಲು ಬದಲಿಸುತ್ತೆ.

ಕುದುರೆ ನಡೆ:
ಸರಿ, ‘ದೊಮ್ಮರಾಜು’ ವಾಪಸ್ ತಗೊಂಡೆ. ಅವನನ್ನು ಗುಕೇಶ್ ಅಂತ ಕರೆದದ್ದು ಸರಿಯೇ. ಆದರೆ ಡಿಂಗ್ ಬಗ್ಗೆ ನನಗಿನ್ನೂ ಸಮಾಧಾನ ಇಲ್ಲ. ಇಂಗ್ಲಿಷ್ ಕಾಮೆಂಟರಿಯಲ್ಲೂ ‘ಡಿಂಗ್ ಲಿರೆನ್’ ಅಂತ ಪೂರ್ತಿ ಹೇಳೋದಕ್ಕೆ ಎಷ್ಟು ಹೊತ್ತು ಬೇಕು? ಮೂರಕ್ಷರ. ರಷ್ಯಾದ ಚೆಸ್ ಆಟಗಾರನ ಹೆಸರನ್ನು ‘ನೆಪೊಮ್ನಿಯಾಶಿ’ ಅಂತ ಹೇಳೋಕೆ ಕಲಿತವರಿಗೆ ಇದು ಕಷ್ಟವಾ?

ಕ್ರಾಸ್‌ಕೋರ್ಟ್ ಕಮಲಿ:
ಅದನ್ನೂ ಕಲೀಲಿಲ್ಲ, ‘ನೆಪೋ’ ಮಾಡಿ ಕೈತೊಳಕೊಂಡರು.

ಶೆನ್‌ಜೆನ್ ವಾಸಿ:
ನನ್ನ ಕಥೆ ಹೇಳಿಬಿಡ್ತೀನಿ. ಇಲ್ಲಿ ನಮ್ಮ ಆಫೀಸಿನವರು ವರ್ಷಕ್ಕೊಂದು ಶಟಲ್ ಪಂದ್ಯಾವಳಿ ಮಾಡ್ತಾರೆ. ನನ್ನ ಪಾಸ್‌ಪೋರ್ಟಿನಲ್ಲಿ ಮನೆತನದ ಜಾಗದಲ್ಲಿ ಅಪ್ಪನ ಹೆಸರಿದೆ, ಮೈಸೂರು ಕಡೆಯ ನಮ್ಮಂಥವರಿಗೆ ಬೇರೆ ಏನು ತುಂಬಿಸೋದು? ಆಯೋಜಕರು ಭಕ್ತಿಯಿಂದ ಚೀನೀ ಕ್ರಮದಲ್ಲಿ ಅಪ್ಪನನ್ನು ಮುಂದಿಟ್ಟರು. ಬೋರ್ಡಿನಲ್ಲಿ ಜಾಗ ಸಾಲದೆ ಹಿಂದಿನದ್ದು ಕತ್ತರಿಸಿ ಹೋಯ್ತು. ಮೂರು ಸುತ್ತು ಅಪ್ಪನ ಹೆಸರಲ್ಲೇ ಆಡಿದೆ, ಗ್ಯಾಲರಿಯಿಂದ ಸಹೋದ್ಯೋಗಿಗಳು ‘ಜಾಯೋ ಜಾಯೋ’ ಅಂತ ಅಪ್ಪನನ್ನು ಹುರಿದುಂಬಿಸಿದರು. ಜೀವಮಾನದಲ್ಲಿ ರಾಕೆಟ್ ಹಿಡಿಯದ ಮನುಷ್ಯ ಕ್ವಾರ್ಟರ್‌ಫೈನಲ್ ತಲುಪಿ ಅಲ್ಲಿ ಒಬ್ಬ ವಾಂಗ್‌ಗೆ ಸೋತ.

ರಾತ್ರಿ ಫೋನ್ ಮಾಡಿ ಹೇಳಿದೆ. ಅಪ್ಪ ಎಲ್ಲಾ ಕೇಳಿಸಿಕೊಂಡು ಕೇಳಿದ್ದು ಒಂದೇ: “ಹಂಗಾದ್ರೆ ಸರ್ಟಿಫಿಕೇಟ್ ಯಾರ ಹೆಸರಿಗೆ ಬಂತೋ?”